ಬಾಣಂತನಕ್ಕೆ ಆರು ತಿಂಗಳ ವೀಸಾ

ಹಾಸನದಲ್ಲಿ ನಮ್ಮ ಬಡಾವಣೆಯ ಮಹಿಳಾ ಸಂಘದವರು ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಮಾತಾಡಿಸಿದ್ದರು. ಬರಲಾಗದ ಕೆಲವರು ಆಮೇಲೆ ಕೇಳಿದರು. ಅವರಿಗಾಗಿ ಅಂದು ಆಡಿದ ಮಾತನ್ನೇ ಸ್ವಲ್ಪ ಜೋಡಿಸಿ ಇಲ್ಲಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಗಳೋ ಸೊಸೆಯೋ ಹೊರದೇಶದಲ್ಲಿರುವವರು ಕೈ ಎತ್ತಿ ಅಂದೆ, ಅರ್ಧಕ್ಕರ್ಧ ಕೈ ಮೇಲೆ ಬಂದವು. ಈ ಊರಲ್ಲಿ ಅದು ಸಹಜ. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರಿಂದ ಇಲ್ಲಿದೆ, ಓದಿದವರು ಬೆಂಗಳೂರಿಗೆ, ಅಲ್ಲಿಂದ ಹೊರಗೆ ಹೋಗುತ್ತಲೇ ಬಂದಿದ್ದಾರೆ. ಈಗ ನರ್ಸಿಂಗ್ ಓದಿದ ಹುಡುಗಿಯರೂ ಹೋಗುತ್ತಿದ್ದಾರೆ. ಅಮೆರಿಕ ಹೇಗಿದೆ, ಇಂಗ್ಲೆಂಡ್ ಹೇಗಿದೆ ಅಂತ ನಾನು ಹೇಳಬೇಕಾಗಿಲ್ಲ. ಅಲ್ಲಿ ತಾಯಿಯಾದವಳಿಗೆ ಏನಾಗುತ್ತದೆ ಅನ್ನುವುದನ್ನು ಹೇಳುತ್ತೇನೆ.

ಅಲ್ಲಿ ಹೆತ್ತ ಹುಡುಗಿ ಫೋನಿನಲ್ಲಿ ಅತ್ತರೆ ನಾವು ಏನಂತೀವಿ? "ಅಡ್ಜಸ್ಟ್ ಮಾಡ್ಕೋ, ನಾವೆಲ್ಲ ಹೆತ್ತಿಲ್ವಾ" ಅಂತೀವಿ. ಪ್ರೀತಿಯಿಂದಲೇ ಅಂತೀವಿ. ಆದರೆ ಅವಳ ಕಷ್ಟಕ್ಕೆ ಅವಳ ಮನಸ್ಸು ಮೆತ್ತಗಿರುವುದು ಕಾರಣ ಅಂತ ನಾವು ಸುಮ್ನೆ ಅಂದುಕೊಂಡುಬಿಟ್ಟಿದ್ದೇವೆ. ನನ್ನ ಪ್ರಕಾರ ಬಹುಪಾಲು ಕಾರಣ ಕಾಗದ. ಯಾರು ಕೆಲಸ ಮಾಡಬಹುದು, ಅಮ್ಮ ಎಷ್ಟು ದಿನ ಇರಬಹುದು, ರಜೆ ಎಷ್ಟು, ಗಂಡನ ಕೆಲಸ ಹೋದರೆ ಏನು, ಎಲ್ಲವನ್ನೂ ಕಾಗದ ತೀರ್ಮಾನ ಮಾಡುತ್ತದೆ. ಆ ಕಾಗದದ ವಿಷಯ ನಮಗೆ ಗೊತ್ತಿದ್ದರೆ ನಾವು ಅವಳ ಜೊತೆ ಆಡುವ ಮಾತೇ ಬದಲಾಗುತ್ತದೆ.

ನಾನು 2012ರಲ್ಲಿ ನ್ಯೂಜೆರ್ಸಿಯಲ್ಲಿ ಹೆತ್ತವಳು. ಆಗ ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ತರದ ಕಾಗದ. ಗಂಡ ಎಚ್-1ಬಿ ವೀಸಾದಲ್ಲಿ, ಅಂದರೆ ಕೆಲಸ ಇರುವವರೆಗೆ ಇರಬಹುದು. ನಾನು ಎಚ್-4, ಅವರ ಅವಲಂಬಿತೆ. ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಸಂಬಳ ಎಣಿಸುತ್ತಿದ್ದ ನನಗೆ ಅಲ್ಲಿ ಒಂದು ರೂಪಾಯಿ ದುಡಿಯುವ ಹಾಗಿರಲಿಲ್ಲ. ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಅನುಮತಿ ಕೊಡುವ ನಿಯಮ ಬಂದದ್ದು 2015ರ ಮೇ ತಿಂಗಳಲ್ಲಿ. ಅದೂ ಗಂಡನ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಖಾಯಂ ಇರುವ ಅನುಮತಿಯ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಅಮ್ಮ ಬಂದದ್ದು ಪ್ರವಾಸಿ ವೀಸಾದಲ್ಲಿ. ಅದರ ಸಂದರ್ಶನಕ್ಕೆ ಹಾಸನದಿಂದ ಚೆನ್ನೈವರೆಗೆ ಹೋಗಿ ಬಂದಿದ್ದರು. ವಿಮಾನ ಇಳಿದ ಕಡೆ ಅಧಿಕಾರಿ ಆರು ತಿಂಗಳ ಮುದ್ರೆ ಒತ್ತಿದರು. ಇನ್ನು ಮಗಳು. ಅಲ್ಲಿ ಹುಟ್ಟಿದ್ದರಿಂದ ಅವಳು ಆ ದೇಶದ ಪ್ರಜೆ. ಅಲ್ಲಿಯ ಸಂವಿಧಾನದ 1868ರ ಹದಿನಾಲ್ಕನೇ ತಿದ್ದುಪಡಿಯಿಂದ ಬಂದ ಹಕ್ಕು ಅದು. ನಾಲ್ವರಲ್ಲಿ ಆ ದೇಶದಲ್ಲಿ ಯಾರ ಅಪ್ಪಣೆಯೂ ಬೇಡದೆ ಇರಬಹುದಾಗಿದ್ದವಳು ತೊಟ್ಟಿಲಲ್ಲಿದ್ದವಳೊಬ್ಬಳೇ.

ಇದನ್ನು ಬರೀ ಲೆಕ್ಕಕ್ಕೆ ಹೇಳುತ್ತಿಲ್ಲ. ಎಚ್-1ಬಿಯವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು 60 ದಿನ ಕೊಡುವ ನಿಯಮ 2017ರಿಂದ ಇದೆ. ಆ 60 ದಿನದೊಳಗೆ ದಾರಿ ಕಾಣದಿದ್ದರೆ ಹೆಂಡತಿಯೂ ಹೊರಡಬೇಕು. ಮಗು ಅಲ್ಲಿಯ ಪ್ರಜೆಯಾದರೂ ತಾಯಿಗೆ ಅದರಿಂದ ಏನೂ ಸಿಗುವುದಿಲ್ಲ. ಬಸುರಿ ಹೆಂಗಸು ಗಂಡನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ ಅನ್ನುವ ಸುದ್ದಿ ಕೇಳಿದಾಗ ಅವಳ ಹೊಟ್ಟೆಯೊಳಗೆ ಏನಾಗುತ್ತದೆ ಯೋಚನೆ ಮಾಡಿ. 2025ರ ಜನವರಿ 20ರಂದು ಅಲ್ಲಿಯ ಅಧ್ಯಕ್ಷರು, ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಕೊಡುವುದಿಲ್ಲ, 30 ದಿನದ ನಂತರ ಹುಟ್ಟುವ ಮಕ್ಕಳಿಗೆ ಇದು ಅನ್ವಯ ಅಂತ ಆದೇಶ ಹೊರಡಿಸಿದರು. ಕೋರ್ಟುಗಳು ಅದಕ್ಕೆ ತಡೆ ಹಾಕಿದವು. ಆದರೆ ಆ ಕೆಲವು ವಾರ, ಗಡುವಿನ ಒಳಗೆ ಹೆರಿಗೆ ಮಾಡಿಸಿ ಅಂತ ದಿನ ತುಂಬದ ಭಾರತೀಯ ಹೆಂಗಸರು ಡಾಕ್ಟರ ಹತ್ತಿರ ಕೇಳುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಓದಿದೆವು. ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಈಗ ಹೆರಿಗೆಯ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ನೋವು ತಿನ್ನುವಾಗ ಯಾರೂ ಗದರಲಿಲ್ಲ, ಗಂಡನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಹೆತ್ತಾದ ಮೇಲೆ ನರ್ಸ್ ಒಂದು ದೊಡ್ಡ ಲೋಟದ ತುಂಬ ಐಸ್ ನೀರು ತಂದಿಟ್ಟರು. ತಿನ್ನಲು ತಣ್ಣನೆಯ ಸ್ಯಾಂಡ್‌ವಿಚ್. ಅವರ ರೂಢಿ ಅದು, ಪ್ರೀತಿಯಿಂದಲೇ ಕೊಟ್ಟದ್ದು. ಅಮ್ಮ ಆ ಲೋಟವನ್ನೇ ನೋಡುತ್ತಾ ನಿಂತರು. ಆಮೇಲೆ ಚೀಲದಿಂದ ಫ್ಲಾಸ್ಕ್ ತೆಗೆದರು. ಮನೆಯಿಂದ ಮೆಣಸಿನ ಸಾರು ಮಾಡಿ ತಂದಿದ್ದರು. ಒಗ್ಗರಣೆಗೆ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು ಹಾಕಿದ್ದರು. ಬಿಸಿ ಅನ್ನಕ್ಕೆ ತುಪ್ಪ ಬಿಟ್ಟು, ಆ ಸಾರು ಕಲಸಿ, ಮಂಚದ ಪಕ್ಕ ನಿಂತು ಒಂದೊಂದೇ ತುತ್ತು ಬಾಯಿಗಿಟ್ಟರು. ನಾನು ಹೆತ್ತವಳು ಅಂತ ನನಗೆ ಅನ್ನಿಸಿದ್ದು ಆಗ.

ಸಾಮಾನ್ಯ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆ ಆಸ್ಪತ್ರೆಯಲ್ಲಿರಲು ವಿಮೆ ಕಂಪನಿ ಹಣ ಕೊಡಲೇಬೇಕು ಅಂತ ಅಲ್ಲಿ 1996ರಲ್ಲಿ ಕಾನೂನು ಮಾಡಿದ್ದಾರೆ. ಅದಕ್ಕೂ ಮೊದಲು ಒಂದೇ ದಿನಕ್ಕೆ ಕಳಿಸುತ್ತಿದ್ದರಂತೆ. ನಮ್ಮನ್ನು ಎರಡನೇ ದಿನ ಕಳಿಸಿದರು. ಕಳಿಸುವ ಮೊದಲು ಕಾರಿನಲ್ಲಿ ಮಗುವಿನ ಸೀಟು ಇದೆಯಾ ಅಂತ ನೋಡಿದರು. ಅದಿಲ್ಲದೆ ಮಗುವನ್ನು ಬಿಡುವುದಿಲ್ಲ. ಮೂರ್ನಾಲ್ಕು ದಿನಕ್ಕೆ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸಬೇಕು, ಆಮೇಲೆ ತಿಂಗಳಿಗೆ, ಎರಡು ತಿಂಗಳಿಗೆ. ಮತ್ತೆ ನನಗೆ? ಆರು ವಾರ ಬಿಟ್ಟು ಬನ್ನಿ ಅಂದರು. ಹೊಲಿಗೆ ಹಾಕಿಸಿಕೊಂಡವಳು, ಹಾಲು ಕಟ್ಟಿ ಜ್ವರ ಬಂದವಳು, ರಾತ್ರಿಯಿಡೀ ನಿದ್ದೆ ಇಲ್ಲದವಳು, ಅವಳಿಗೆ ಆರು ವಾರ. ಅಲ್ಲಿಯ ಹೆರಿಗೆ ಡಾಕ್ಟರ ಸಂಘವೇ 2018ರಲ್ಲಿ ಇದು ಸಾಲದು, ಮೂರು ವಾರದೊಳಗೆ ತಾಯಿಯನ್ನು ವಿಚಾರಿಸಬೇಕು ಅಂತ ಸಲಹೆ ಕೊಟ್ಟಿತು. ರಜೆಯೂ ಅಷ್ಟೇ. ನಮ್ಮಲ್ಲಿ 2017ರಿಂದ ಕೆಲಸದ ಹೆಂಗಸರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ ಇದೆ. ಅಲ್ಲಿ ಕೇಂದ್ರದ ಕಾನೂನು ಕೊಡುವುದು 12 ವಾರ, ಸಂಬಳವಿಲ್ಲದೆ, ಅದೂ ದೊಡ್ಡ ಕಂಪನಿಯಲ್ಲಿ ವರ್ಷ ತುಂಬಿದವರಿಗೆ. ಕೆಲವು ರಾಜ್ಯಗಳು ತಮ್ಮದೇ ಸಂಬಳದ ರಜೆ ಇಟ್ಟುಕೊಂಡಿವೆ, ಬಹಳ ರಾಜ್ಯಗಳಲ್ಲಿ ಇಲ್ಲ.

ಹೊರದೇಶ ಅಂದರೆ ಎಲ್ಲಾ ಕಡೆ ಹೀಗೇ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಹೆತ್ತವಳ ಮನೆಗೆ ಸೂಲಗಿತ್ತಿ ಬರುತ್ತಾಳೆ, ಮೊದಮೊದಲು ದಿನವೂ ಬರಬಹುದು, ಆಮೇಲೆ 12 ವಾರದವರೆಗೂ. ವಿಮೆಯೇ ಅದರ ಖರ್ಚು ನೋಡಿಕೊಳ್ಳುತ್ತದೆ. ಹೆರಿಗೆಯ ನಂತರ 8 ವಾರ ತಾಯಿಯಿಂದ ಕೆಲಸ ಮಾಡಿಸುವ ಹಾಗೇ ಇಲ್ಲ. ಇಂಗ್ಲೆಂಡಿನಲ್ಲೂ ಮನೆಗೆ ಸೂಲಗಿತ್ತಿ ಬಂದು ನೋಡುತ್ತಾರೆ, ಕೆಲಸದಲ್ಲಿರುವವಳಿಗೆ 52 ವಾರದವರೆಗೆ ರಜೆ ಇದೆ, 39 ವಾರಕ್ಕೆ ಒಂದಿಷ್ಟು ಹಣ ಬರುತ್ತದೆ. ಆದರೆ ಅಲ್ಲೂ ಹೆರಿಗೆ ಸಂಬಂಧ ಸಾಯುವ ಅಪಾಯ ಬಿಳಿಯ ಹೆಂಗಸರಿಗಿಂತ ಏಷ್ಯಾ ಮೂಲದವರಿಗೆ ಜಾಸ್ತಿ, ಕಪ್ಪು ಹೆಂಗಸರಿಗೆ ಇನ್ನೂ ಜಾಸ್ತಿ ಅಂತ ಅವರದೇ ವರದಿಗಳು ವರ್ಷವರ್ಷ ಹೇಳುತ್ತಿವೆ. ಸೌಲಭ್ಯ ಇದ್ದರೆ ಸಾಲದು. ನೋವು ಅಂದಾಗ ನಂಬುವವರು ಬೇಕು.

ಅಮ್ಮನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬಾಣಂತನಕ್ಕೆ ಹೋದ ತಾಯಂದಿರ ಕಷ್ಟ ಯಾರೂ ಕೇಳುವುದಿಲ್ಲ. ಇಲ್ಲಿ ಬೆಳಗಾದರೆ ಹಾಲಿನವನಿಂದ ಹಿಡಿದು ಎದುರು ಮನೆಯವರವರೆಗೆ ಹತ್ತು ಜನರ ಹತ್ತಿರ ಮಾತಾಡುವ ಹೆಂಗಸು. ಅಲ್ಲಿ ಹೊರಗೆ ಹಿಮ, ಕಾರು ಬರುವುದಿಲ್ಲ, ಭಾಷೆ ಬರುವುದಿಲ್ಲ. ಎಣ್ಣೆ ನೀರಿನ ದಿನ ಅಮ್ಮ ತವೆ ಮೇಲೆ ಸಾಂಬ್ರಾಣಿ ಪುಡಿ ಹಾಕಿದರು, ನನ್ನ ಕೂದಲು ಒಣಗಿಸಲು. ಅರೆ ನಿಮಿಷಕ್ಕೆ ಹೊಗೆಯ ಅಲಾರಂ ಕಿರುಚಿಕೊಂಡಿತು. ಮಗು ಬೆಚ್ಚಿ ಅಳಲು ಶುರುಮಾಡಿತು. ಅಮ್ಮ ಕುರ್ಚಿ ಹತ್ತಿ ಟವೆಲ್ ಬೀಸಿದರು, ಅದು ನಿಲ್ಲಲಿಲ್ಲ, ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಪೊಲೀಸರು ಬರುತ್ತಾರಾ, ಮಗುವನ್ನು ಎತ್ತಿಕೊಂಡು ಹೋಗುತ್ತಾರಾ ಅಂತ ಅಮ್ಮ ನಡುಗುತ್ತಿದ್ದರು. ನಾಲ್ಕು ಮಕ್ಕಳನ್ನು, ಎಂಟು ಮೊಮ್ಮಕ್ಕಳನ್ನು ಎರೆದು ಬೆಳೆಸಿದ ಕೈ ಅದು. ಆಮೇಲೆ ಬಹಳ ದಿನ ಒಗ್ಗರಣೆ ಹಾಕಲೂ ಹೆದರುತ್ತಿದ್ದರು.

ಆ ಭಯ ಸುಳ್ಳು ಅಂತಲೂ ಹೇಳಲಾರೆ. ನಾರ್ವೆಯ ಸ್ಟಾವಂಗರ್ ಊರಲ್ಲಿ 2011ರಲ್ಲಿ ಬಂಗಾಳದ ದಂಪತಿಯ ಇಬ್ಬರು ಮಕ್ಕಳನ್ನು ಮಕ್ಕಳ ರಕ್ಷಣೆ ಇಲಾಖೆಯವರು ತೆಗೆದುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಕೈಯಲ್ಲಿ ಉಣಿಸಿದ್ದು, ಜೊತೆಯಲ್ಲಿ ಮಲಗಿಸಿಕೊಂಡದ್ದು ಕೂಡ ತಪ್ಪಾಗಿ ಕಂಡಿತು ಅಂತ ಮನೆಯವರು ಹೇಳಿದರು. 2013ರಲ್ಲಿ ಕಲ್ಕತ್ತಾ ಹೈಕೋರ್ಟು ಮಕ್ಕಳನ್ನು ತಾಯಿಗೆ ಕೊಡಿಸಿತು.

ಹೋಗುವ ತಾಯಂದಿರಿಗೆ ಕೆಲವು ಮಾತು. ಅಂಟಿನುಂಡೆ, ಒಣಶುಂಠಿ, ಮೆಣಸು ತಗೊಂಡು ಹೋಗಿ. ಕರಿಬೇವು ಬೇಡ, ಅಮೆರಿಕದಲ್ಲಿ ಬಿಡುವುದಿಲ್ಲ, ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ ಅಂತ. ಬಜೆ ತೇಯ್ದು ನೆಕ್ಕಿಸಬೇಡಿ. ಆಹಾರದಲ್ಲಿ ಅದನ್ನು ಬಳಸುವುದನ್ನು ಅಲ್ಲಿ 1968ರಲ್ಲೇ ನಿಷೇಧಿಸಿದ್ದಾರೆ. ಜೇನುತುಪ್ಪ ವರ್ಷ ತುಂಬುವವರೆಗೆ ಬೇಡ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಅದೂ ಬೇಡ. ಇವು ಇಲ್ಲಿಯ ಮಕ್ಕಳಿಗೂ ಒಳ್ಳೆಯದಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಮಗುವನ್ನು ಅಂಗಾತ ಮಲಗಿಸಿ ಅಂತ ನರ್ಸ್ ಹೇಳಿದರೆ ಹಾಗೇ ಮಾಡಿ. ಅಮೆರಿಕದಲ್ಲಿ 1994ರಿಂದ ಅದನ್ನು ಊರೂರಿಗೆ ಸಾರಿದ ಮೇಲೆ, ನಿದ್ದೆಯಲ್ಲೇ ಸಾಯುತ್ತಿದ್ದ ಕೂಸುಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಮಗು ಒಂದೇ ಕೋಣೆಯಲ್ಲಿರಲಿ, ಹಾಸಿಗೆ ಬೇರೆ ಇರಲಿ ಅನ್ನುತ್ತಾರೆ. ತಾಯಿಯ ಮಂಚಕ್ಕೆ ಒತ್ತಿ ಇಡುವ ಪುಟ್ಟ ತೊಟ್ಟಿಲು ಸಿಗುತ್ತದೆ, ಕೈಗೆ ಎಟಕುತ್ತದೆ. ಎಣ್ಣೆ ತಿಕ್ಕುವುದು, ಬಿಸಿನೀರು, ಹೊಟ್ಟೆ ತುಂಬ ಬಿಸಿ ಊಟ, ಇವು ಯಾವುದಕ್ಕೂ ಯಾರೂ ಬೇಡ ಅನ್ನುವುದಿಲ್ಲ.

ಅಮ್ಮನ ಆರು ತಿಂಗಳಲ್ಲಿ ಒಂದು ತಿಂಗಳು ಹೆರಿಗೆ ಕಾಯುವುದರಲ್ಲೇ ಕಳೆಯಿತು. ಹಾಗಾಗಿ ಅಮ್ಮ ಹೊರಟಾಗ ಮಗಳಿಗೆ ಐದು ತಿಂಗಳು, ಇನ್ನೂ ಅನ್ನ ತಿನ್ನಿಸಿರಲಿಲ್ಲ. ಕಷ್ಟ ಶುರುವಾಗುವುದು ಅಲ್ಲಿಂದಲೇ. ಗಂಡ ಬೆಳಗ್ಗೆ ಹೋದರೆ ರಾತ್ರಿ ಬರುತ್ತಾರೆ. ನಡುವೆ ಮನುಷ್ಯರ ದನಿ ಇಲ್ಲ.

ನಮ್ಮದೇ ಕಟ್ಟಡದಲ್ಲಿ ಚನ್ನರಾಯಪಟ್ಟಣ ಕಡೆಯ ಒಬ್ಬ ಹುಡುಗಿ ಇದ್ದಳು. ಡಾಕ್ಟರ ಹತ್ತಿರ ಹೋದಾಗ ಒಂದು ಹಾಳೆ ಕೊಟ್ಟರು. ಹೆತ್ತವಳ ಮನಸ್ಸು ಕುಗ್ಗಿದೆಯಾ ಅಂತ ತಿಳಿಯಲು 1987ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ ಪ್ರಶ್ನೆಗಳು, ಒಟ್ಟು ಹತ್ತು. ಕಳೆದ ಏಳು ದಿನದಲ್ಲಿ ನಗು ಬಂತಾ, ಕಾರಣವಿಲ್ಲದೆ ಭಯ ಆಯಿತಾ, ಅಳು ಬಂತಾ ಅಂತ ಹೋಗಿ, ನಿನಗೆ ನೀನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿತಾ ಅನ್ನುವಲ್ಲಿ ಮುಗಿಯುತ್ತದೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಗಂಡ ಪಕ್ಕದಲ್ಲಿ ಕೂತು ಒಂದೊಂದೇ ಓದಿ ಹೇಳಿದ, ಅವನೇ ಗುರುತು ಹಾಕಿದ. ಗಂಡ ಕೆಟ್ಟವನಲ್ಲ. ಆದರೆ ಅವನ ಮುಖ ನೋಡಿಕೊಂಡು ಅವಳು ಏನು ಹೇಳಿಯಾಳು? ಎಲ್ಲಾ ಚೆನ್ನಾಗಿದೆ ಅಂತ ಬಂತು. ಅವಳು ದಿನವೂ ಮಧ್ಯಾಹ್ನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವಳೇ ಹೇಳಿದ ಮೇಲೆ.

ನಿಮ್ಮ ಮಕ್ಕಳಿಗೆ ಹೇಳಿ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಅಲ್ಲಿ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು. ಫೋನಿನಲ್ಲಿ ಕನ್ನಡದವರು ಬೇಕು ಅಂತ ಕೇಳಬಹುದು, ಗಂಡನನ್ನು ಹೊರಗೆ ಕೂರಿಸಬಹುದು. 2022ರಿಂದ ಬಸುರಿ ಬಾಣಂತಿಯರಿಗೆ ಅಂತಲೇ ಹಗಲು ರಾತ್ರಿ ನಡೆಯುವ ಸಹಾಯವಾಣಿ ಇದೆ, 1-833-852-6262. ಹೆತ್ತ ಎರಡು ವಾರದವರೆಗೆ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಇರುತ್ತದೆ, ತಾನೇ ಹೋಗುತ್ತದೆ. ಎರಡು ವಾರ ದಾಟಿದರೆ ಅದು ಕಾಯಿಲೆ, ಔಷಧ ಇದೆ. ಊರಿಗೆ ಬಂದಾಗ ಬೇಕಾದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ ಇದೆ.

ಮಗುವನ್ನು ಇಲ್ಲೇ ಬಿಟ್ಟು ಹೋಗುವ ತಾಯಂದಿರೂ ಇದ್ದಾರೆ. ಇಂಗ್ಲೆಂಡಿಗೆ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದವರು 2024ರ ಮಾರ್ಚ್ 11ರಿಂದ ಗಂಡ ಮಕ್ಕಳನ್ನು ಕರೆದೊಯ್ಯುವ ಹಾಗಿರಲಿಲ್ಲ, 2025ರ ಜುಲೈನಿಂದ ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದೇ ನಿಂತಿದೆ. ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋಗಲು ನಮ್ಮ ಸರ್ಕಾರ 30 ವರ್ಷ ತುಂಬದ ಹೆಂಗಸರಿಗೆ ಅನುಮತಿ ಕೊಡುವುದಿಲ್ಲ. ಚಿಕ್ಕ ಹುಡುಗಿಯರ ರಕ್ಷಣೆಗೆ ಮಾಡಿದ ನಿಯಮ. ಆದರೆ 30 ದಾಟಿದವರು ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೂ ತಾಯಂದಿರೇ ಅಲ್ವಾ? ಬೇರೆಯವರ ಮಗುವನ್ನು ಎತ್ತಿಕೊಂಡು ತನ್ನ ಮಗುವಿಗೆ ದುಡ್ಡು ಕಳಿಸುತ್ತಾಳೆ. ಅವಳನ್ನು "ಮಕ್ಕಳನ್ನು ಬಿಟ್ಟು ಹೋದವಳು" ಅನ್ನುವವರು ನಮ್ಮ ಓಣಿಯಲ್ಲೇ ಇದ್ದಾರೆ. ಆ ಮಾತು ನನಗೆ ಸಹಿಸಲು ಆಗುವುದಿಲ್ಲ.

ಈಗ ಸಕಲೇಶಪುರದ ಕಡೆ ನೋಡಿ. ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಅಸ್ಸಾಂನಿಂದ, ಜಾರ್ಖಂಡ್‌ನಿಂದ ಬಂದ ಹೆಂಗಸರಿದ್ದಾರೆ. ಅವರು ದೇಶ ದಾಟಿ ಬಂದವರಲ್ಲ, ವೀಸಾ ಬೇಡ. ಆದರೆ ಅಮ್ಮ ಸಾವಿರಾರು ಕಿಲೋಮೀಟರ್ ದೂರ, ಭಾಷೆ ಬೇರೆ, ಗಂಡನ ಕೆಲಸ ಹೋದರೆ ಮನೆಯೂ ಹೋಯಿತು. ನಾನು ನ್ಯೂಜೆರ್ಸಿಯಲ್ಲಿ ಇದ್ದ ಜಾಗದಲ್ಲೇ ಅವರು ಇಲ್ಲಿ ಇದ್ದಾರೆ, ನನಗಿದ್ದ ಹಣ, ಓದು ಯಾವುದೂ ಇಲ್ಲದೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದ ಹಾಗೆ ರೊಬಸ್ಟಾ. ಗಿಡದ ಸಾಲಿನಲ್ಲಿ ಸೀರೆ ಕಟ್ಟಿ ಮಗುವನ್ನು ತೂಗುಹಾಕಿ ಹಣ್ಣು ಬಿಡಿಸುತ್ತಾರೆ. 50 ಹೆಂಗಸರೋ ಅವರ 20 ಮಕ್ಕಳೋ ಇರುವ ತೋಟದಲ್ಲಿ ಕೂಸಿನ ಮನೆ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಸಿಗಬೇಕು ಅಂತ 2013ರ ಆಹಾರ ಭದ್ರತೆ ಕಾಯ್ದೆ ಹೇಳುತ್ತದೆ, 2017ರಿಂದ ನಮ್ಮಲ್ಲಿ ಮಾತೃಪೂರ್ಣ ಅಂತ ಮಧ್ಯಾಹ್ನದ ಬಿಸಿ ಊಟವೇ ಇದೆ. ಆದರೆ ಮಲೆನಾಡಿನಲ್ಲಿ ಅಂಗನವಾಡಿ ಎಲ್ಲೋ, ಲೈನ್ ಮನೆ ಎಲ್ಲೋ. ಏಳು ತಿಂಗಳ ಹೊಟ್ಟೆ ಹೊತ್ತು ಏರು ಹತ್ತಿ ಹೋಗಬೇಕು, ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ.

ಇಲ್ಲಿ ತೋಟ ಇರುವವರು ಮೂರ್ನಾಲ್ಕು ಜನ ಇದ್ದೀರಿ. ನಿಮ್ಮ ಮಗಳಿಗೆ ಅಲ್ಲಿ ಯಾರು ಏನು ಮಾಡಬೇಕಿತ್ತು ಅಂತ ಅನ್ನಿಸುತ್ತದೋ ಅದನ್ನು ಇಲ್ಲಿ ಮಾಡಲು ನಿಮಗೆ ಯಾರ ಅಪ್ಪಣೆಯೂ ಬೇಡ. ತಾಯಿ ಕಾರ್ಡ್ ಮಾಡಿಸಿ ಕೊಡಿ. ಆಶಾ ಕಾರ್ಯಕರ್ತೆ ಬಂದಾಗ ಹಿಂದಿ ಬರುವ ಒಬ್ಬರನ್ನು ಜೊತೆಗೆ ಕಳಿಸಿ, ಮೇಸ್ತ್ರಿಯನ್ನಲ್ಲ, ಹೆಂಗಸನ್ನು. ತಪಾಸಣೆಯ ದಿನ ಜೀಪ್ ಕೊಡಿ, ಕೂಲಿ ಕಡಿಯಬೇಡಿ. ಜಾರ್ಖಂಡ್‌ನವರಿಗೆ ರಾಗಿ ಹೊಸದಲ್ಲ, ಊರಲ್ಲಿ ರಾಗಿ ರೊಟ್ಟಿ ತಿಂದು ಬೆಳೆದವರು. ಬಾಣಂತಿಗೆ ಒಂದು ಮೂಟೆ ರಾಗಿ ಕಳಿಸಿದರೆ ಅವಳಿಗೆ ಬೇಯಿಸಿಕೊಳ್ಳಲು ಗೊತ್ತಿದೆ.

ಪ್ರಶ್ನೆಗಳು ಬಹಳ ಬಂದವು. ಒಬ್ಬರ ಮೊಮ್ಮಗನಿಗೆ ಎರಡೂವರೆ ವರ್ಷ, ಅಮೆರಿಕದಲ್ಲಿದ್ದಾನೆ, ಮಾತು ಸರಿಯಾಗಿ ಬಂದಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್, ಅದಕ್ಕೇ ಗೊಂದಲ, ಸೊಸೆ ಕನ್ನಡ ಬಿಡಬೇಕಾ ಅಂತ ಕೇಳಿದರು. ಬಿಡಬಾರದು. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಅಲ್ಲಿಯ ಮಾತಿನ ತಜ್ಞರೂ ಮನೆಮಾತು ಬಿಡಿ ಅನ್ನುವುದಿಲ್ಲ. ಆದರೆ ಸುಮ್ಮನೆ ಕಾಯಲೂ ಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೂರು ವರ್ಷ ತುಂಬುವವರೆಗಿನ ಮಕ್ಕಳನ್ನು ಪುಕ್ಕಟೆ ಪರೀಕ್ಷೆ ಮಾಡಿ ನೋಡುವ ಸರ್ಕಾರಿ ವ್ಯವಸ್ಥೆ ಅಲ್ಲಿ ಪ್ರತಿ ರಾಜ್ಯದಲ್ಲೂ ಇದೆ, ತಂದೆತಾಯಿಯ ವೀಸಾ ಯಾವುದು ಅಂತ ನೋಡುವುದಿಲ್ಲ. ಈಗಲೇ ಅರ್ಜಿ ಹಾಕಿಸಿ, ಇನ್ನು ಆರೇ ತಿಂಗಳಿದೆ. ಸೊಸೆಯ ಮೇಲೆ ಮಾತ್ರ ಹೊರಿಸಬೇಡಿ.

ಇನ್ನೊಬ್ಬರಿಗೆ ಮಂಡಿ ನೋವು, ಅಷ್ಟು ದೂರ ವಿಮಾನದಲ್ಲಿ ಕೂರಲಾರರು. ಮಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಆಗಸ್ಟ್‌ನಲ್ಲಿ ಹೆರಿಗೆ. "ನಾನು ಹೋಗದೆ ಏನು ಮಾಡಲಿ?" ಅಂತ ಕಣ್ಣು ತುಂಬಿಕೊಂಡರು. ಅಲ್ಲಿ ರಾತ್ರಿ ಎರಡು ಗಂಟೆ ಅಂದರೆ ಇಲ್ಲಿ ಮಧ್ಯಾಹ್ನ ಎರಡೂವರೆ. ನಿಮ್ಮ ಊಟ ಆಗಿ, ಪಾತ್ರೆ ತೊಳೆದು, ಕೂರುವ ಹೊತ್ತು. ಅವಳು ಮಗುವಿಗೆ ಹಾಲು ಕೊಡಲು ಎದ್ದು ಕತ್ತಲಲ್ಲಿ ಒಬ್ಬಳೇ ಕೂತಿರುವ ಹೊತ್ತೂ ಅದೇ. ಗಂಡ ಮಲಗಿರುತ್ತಾನೆ, ಆಸ್ಪತ್ರೆ ಮುಚ್ಚಿರುತ್ತದೆ, ಎಚ್ಚರ ಇರುವವರು ನೀವೇ. ಎದ್ದಾಗ ಒಂದು ಮಿಸ್ಡ್ ಕಾಲ್ ಕೊಡು ಅಂತ ಮೊದಲೇ ಹೇಳಿಟ್ಟಿರಿ, ಆಮೇಲೆ ನೀವು ಮಾಡಿ. ವಿಡಿಯೋ ಬೇಡ. ಮಗು ತೋರಿಸು ಅನ್ನಬೇಡಿ. ನೀನು ಏನು ತಿಂದೆ, ಹೊಲಿಗೆ ನೋಯುತ್ತಾ, ಎಷ್ಟು ಹೊತ್ತು ಮಲಗಿದೆ ಅಂತ ಕೇಳಿ. ಮಾತು ಬೇಡ ಅಂದರೆ ಫೋನ್ ಪಕ್ಕದಲ್ಲಿಟ್ಟುಕೊಂಡು ನಿಮ್ಮ ಪಾಡಿಗೆ ಸೊಪ್ಪು ಬಿಡಿಸುತ್ತಾ ಕೂತಿರಿ. ನವೆಂಬರ್ ಶುರುವಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ನಿಮ್ಮ ಎರಡೂವರೆಯ ಬದಲು ಮೂರೂವರೆಗೆ ಕಾಯಿರಿ.